ದಹಿಸರ್‌ನ ಖಾರದ ಬಿಸ್ಕತ್ತು

ಸತ್ಯಮೂರ್ತಿ ಮುಂಬಯಿಯ ದಾದರ್ ಸ್ಟೇಷನ್ನಿನಲ್ಲಿ ಬಿದ್ದದ್ದು ಎಪ್ಪತ್ತನೇ ಇಸವಿಯ ಮಳೆಗಾಲದಲ್ಲಿ. ನಿಂತೂ ನಿಲ್ಲದ ಲೋಕಲ್ಲಿನಿಂದ ಇಳಿಯುವಾಗ ಹಿಂದಿನವರು ನೂಕಿದರು. ಒದ್ದೆ ಪ್ಲಾಟ್‌ಫಾರಂ ಮೇಲೆ ಕಾಲು ಜಾರಿ, ಬಲಗೈ ಅಡಿಯಾಗಿ ಬಿದ್ದ. ಮಣಿಕಟ್ಟಿನ ಮೂಳೆ ಎರಡು ತಿಂಗಳಲ್ಲಿ ಕೂಡಿಕೊಂಡಿತು. ಬೆರಳುಗಳನ್ನು ಮಾತ್ರ ಮೊದಲಿನ ಹಾಗೆ ಮಡಿಸಲಿಕ್ಕೆ ಬರಲಿಲ್ಲ. ಫೋರ್ಟಿನ ಒಂದು ಹಡಗು ಕಂಪನಿಯಲ್ಲಿ ಅವನು ಹದಿನಾರು ವರ್ಷದಿಂದ ಸ್ಟೆನೋಗ್ರಾಫರ್. ಸಾಹೇಬರು ಎಷ್ಟು ಬೇಗ ಹೇಳಿದರೂ ಅಷ್ಟೇ ಬೇಗ ಬರೆದುಕೊಳ್ಳುತ್ತಿದ್ದ ಕೈ ಈಗ ಪೆನ್ಸಿಲನ್ನು ಹಿಡಿಯುತ್ತಿತ್ತು, ಓಡಿಸುತ್ತಿರಲಿಲ್ಲ. ಕಂಪನಿ ಅವನನ್ನು ಮನೆಗೆ ಕಳಿಸಲಿಲ್ಲ. ಟಪಾಲು ವಿಭಾಗಕ್ಕೆ ಹಾಕಿ, ಸಂಬಳವನ್ನು ಅದಕ್ಕೆ ತಕ್ಕಷ್ಟು ಇಳಿಸಿತು. ಅಲ್ಲಿ ಅವನ ಕೆಲಸ ಲಕೋಟೆಗಳ ಮೇಲೆ ಠಸ್ಸೆ ಒತ್ತುವುದು.

ಮನೆಯಲ್ಲಿ ಹೆಂಡತಿ ವಿಮಲಾ, ಐದನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು ಸುಮಿತ್ರಾ. ದಹಿಸರ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಅವರ ಬಿಲ್ಡಿಂಗ್. ನೆಲಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಗಂಡನ ಸಂಬಳ ಇಳಿದ ಮೇಲೆ ವಿಮಲಾ ಮೊದಲು ಹಪ್ಪಳ ಮಾಡಿ ನೋಡಿದಳು. ಮುಂಬಯಿಯಲ್ಲಿ ಹಪ್ಪಳ ಮಾಡುವ ಹೆಂಗಸರು ಅವಳಿಗಿಂತ ಮೊದಲೇ ಸಾವಿರಾರು ಜನ ಇದ್ದರು. ಆಗ ಅವಳಿಗೆ ನೆನಪಾದದ್ದು ಬೆಂಗಳೂರಿನ ಖಾರದ ಬಿಸ್ಕತ್ತು. ತಮ್ಮ ನಾಣಿ ಮಲ್ಲೇಶ್ವರದ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದ. ಅವನಿಗೆ ಕಾಗದ ಬರೆದಳು. ಹದಿನೈದು ದಿನಕ್ಕೆ ಒಂದು ಇನ್‌ಲ್ಯಾಂಡ್ ಬಂತು. ಇಷ್ಟು ಮೂಟೆ ಮೈದಾಕ್ಕೆ ಇಷ್ಟು ಡಬ್ಬ ವನಸ್ಪತಿ, ಇಷ್ಟು ಹಸಿಮೆಣಸಿನಕಾಯಿ, ಇಷ್ಟು ಕರಿಬೇವು ಎಂದು ಅದರಲ್ಲಿತ್ತು. ಮೂಟೆಯ ಲೆಕ್ಕವನ್ನು ಸೇರಿಗೆ ಇಳಿಸಿಕೊಳ್ಳುವುದರಲ್ಲಿ ಅವಳ ಮೊದಲ ಆರು ಸಲದ ಬಿಸ್ಕತ್ತು ಕೆಟ್ಟಿತು. ಬೊರಿವಲಿಯ ಒಬ್ಬ ತಗಡಿನ ಕೆಲಸದವನು ಅಳತೆ ತೆಗೆದುಕೊಂಡು ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದ. ಒಳಗೆ ತಟ್ಟೆ ಇಡಲು ಎರಡು ಅರೆ, ಮುಂದೆ ಬಾಗಿಲು. ಇದ್ದಿಲಿನ ಸಿಗಡಿಯ ಮೇಲೆ ಅದನ್ನಿಟ್ಟು, ನೆತ್ತಿಯ ಮೇಲೂ ಒಂದಷ್ಟು ಕೆಂಡ ಹರಡಿದರೆ ಅದೇ ಅವಳ ಒಲೆ, ಅದೇ ಬೇಕರಿ.

ಏಳನೆಯ ಸಲ ಬಿಸ್ಕತ್ತು ಬಿಸ್ಕತ್ತಿನ ಹಾಗೆ ಬಂತು. ಸತ್ಯಮೂರ್ತಿ ನಾಲ್ಕನ್ನು ಊಟದ ಡಬ್ಬದಲ್ಲಿ ಹಾಕಿಕೊಂಡು ಹೋದ. ಅವನ ಆಫೀಸಿನ ಹಿಂದಿನ ಗಲ್ಲಿಯಲ್ಲಿ ಮೋನಪ್ಪ ಎಂಬುವನ ಚಿಕ್ಕ ಉಡುಪಿ ಹೋಟೆಲಿತ್ತು. ಸತ್ಯಮೂರ್ತಿ ಅಲ್ಲಿ ಕಾಫಿ ಕುಡಿಯುತ್ತ ಬಿಸ್ಕತ್ತು ಕಡಿಯುತ್ತಿದ್ದಾಗ ಮೋನಪ್ಪ ಗಲ್ಲಾ ಬಿಟ್ಟು ಎದ್ದು ಬಂದ.

"ಇದು ಎಲ್ಲಿಯದ್ದು ಮಾರಾಯ್ರೆ? ಘಮ ನನ್ನ ಗಲ್ಲಾದವರೆಗೆ ಬಂತು."

"ಮನೇಲಿ ಮಾಡಿದ್ದು."

ಮೋನಪ್ಪ ಕೇಳದೆಯೇ ಒಂದನ್ನು ಎತ್ತಿಕೊಂಡು ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಅಗಿದ. "ನಾಳೆ ಒಂದು ಡಬ್ಬ ತನ್ನಿ. ಚಾದ ಒಟ್ಟಿಗೆ ಇಟ್ಟು ನೋಡುವ."

ಒಂದು ಡಬ್ಬ ಎರಡಾಯಿತು. ವರ್ಷ ಕಳೆಯುವುದರೊಳಗೆ ದಿನಕ್ಕೆ ಎರಡು ದೊಡ್ಡ ಡಬ್ಬ. ಸತ್ಯಮೂರ್ತಿ ಒಂದನ್ನು ಎಡಗೈಯಲ್ಲಿ ಹಿಡಿದು, ಇನ್ನೊಂದನ್ನು ಪಟ್ಟಿ ಕಟ್ಟಿ ಹೆಗಲಿಗೆ ಹಾಕಿಕೊಂಡು, ಜನ ತುಂಬುವ ಮೊದಲೇ ಸಿಗಲೆಂದು ಏಳು ಗಂಟೆಯ ಲೋಕಲ್ ಹಿಡಿಯತೊಡಗಿದ. ಆಫೀಸಿನಲ್ಲಿ ಅವನು ಬಂದರೂ ಬಾರದಿದ್ದರೂ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಮೋನಪ್ಪನ ಹೋಟೆಲಿನಲ್ಲಿ ಮಾತ್ರ ಅವನು ಮೆಟ್ಟಿಲು ಹತ್ತುತ್ತಿದ್ದಂತೆ, "ಬಂದ್ರು ನೋಡಿ ಬಿಸ್ಕತ್ತು ರಾಯರು" ಎಂದು ಕೂಗುತ್ತಿದ್ದರು. ಯಾರು ಮಾಡಿದ್ದು ಎಂದು ಗಿರಾಕಿಗಳು ಕೇಳಿದರೆ ಮೋನಪ್ಪ, "ಮೈಸೂರು ಕಡೆಯ ಬ್ರಾಹ್ಮಣರ ಅಮ್ಮ. ಮಡಿಯಲ್ಲಿ ಮಾಡಿದ್ದು," ಎನ್ನುತ್ತಿದ್ದ. ಮಡಿಯ ಮಾತು ಅವನದೇ ಸೇರಿಕೆ.

ವಿಮಲಾ ನಾಲ್ಕಕ್ಕೆ ಏಳುತ್ತಿದ್ದಳು. ನಾಲ್ಕೂವರೆಗೆ ನಲ್ಲಿಯಲ್ಲಿ ನೀರು. ನೀರು ತುಂಬುತ್ತ ಬಾಗಿಲಾಚೆ ಸಿಗಡಿ ಹೊತ್ತಿಸಿ, ಹೊಗೆ ಇಳಿದ ಮೇಲೆ ಒಳಗೆ ತರಬೇಕು. ಒಂದು ಸಲಕ್ಕೆ ಎರಡು ತಟ್ಟೆ, ಇಪ್ಪತ್ತೈದು ನಿಮಿಷ, ಮತ್ತೆ ಎರಡು ತಟ್ಟೆ. ಬೆಳಗ್ಗೆ ಆರೂವರೆಗೆ ಡಬ್ಬಕ್ಕೆ ಮುಚ್ಚಳ ಹಾಕಿದರೆ, ಮಧ್ಯಾಹ್ನ ಮತ್ತೆ ಮೈದಾ ಜರಡಿ ಹಿಡಿಯುವುದು, ಮೆಣಸಿನಕಾಯಿ ಹೆಚ್ಚುವುದು, ಹಿಟ್ಟು ನಾದುವುದು. ನಾದುವಾಗ ಹೆಗಲಿನಿಂದ ಬೆರಳಿನವರೆಗೆ ಒಂದು ನೋವು ಎಳೆದುಕೊಂಡು ಹೋಗುತ್ತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಅಡುಗೆಮನೆಯ ಗೋಡೆ ಮುಟ್ಟಿದರೆ ಬಿಸಿ. ಅಕ್ಕಪಕ್ಕದವರು ಸಿನಿಮಾಕ್ಕೆ ಕರೆದರೆ ಹೋಗುತ್ತಿರಲಿಲ್ಲ. ಹೋದ ಒಂದು ಸಲ ಶುರುವಿನಲ್ಲೇ ನಿದ್ದೆ ಹೋಗಿ, ಜನ ಎದ್ದಾಗ ಎಚ್ಚರವಾಗಿತ್ತು. ಭಾನುವಾರ ಒಂದು ದಿನ ಒಲೆಗೆ ರಜೆ. ಆ ದಿನ ಅವಳಿಗೆ ಮಾತಾಡಲಿಕ್ಕೂ ಬೇಸರ. "ಏನಾದ್ರೂ ಹೇಳು," ಎಂದು ಸತ್ಯಮೂರ್ತಿ ಕೇಳಿದರೆ, "ಏನು ಹೇಳೋದು, ಎಲ್ಲ ನಿಮಗೆ ಗೊತ್ತಿರೋದೇ," ಎಂದು ಗೋಡೆಯ ಕಡೆ ತಿರುಗುತ್ತಿದ್ದಳು.

ಗುರುಬಾಯಿ ಬಂದದ್ದು ಎಪ್ಪತ್ತಮೂರರಲ್ಲಿ. ಎದುರಿನ ಬಯಲಲ್ಲಿ ನಾಲ್ಕು ಮಹಡಿಯ ಹೊಸ ಬಿಲ್ಡಿಂಗು ಏಳುತ್ತಿತ್ತು. ಅಲ್ಲಿ ಅವಳ ಗಂಡ ಬಂಡೆಪ್ಪ ಗಾರೆ ಕೆಲಸ ಮಾಡುತ್ತಿದ್ದ. ಗುಲಬರ್ಗಾ ಕಡೆಯವರು, ಕಟ್ಟಡದ ಅಂಚಿಗೇ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಗುರುಬಾಯಿ ಎರಡು ವರ್ಷ ಇಟ್ಟಿಗೆ ಹೊತ್ತು ಬೆನ್ನು ಹಿಡಿದುಕೊಂಡ ಮೇಲೆ ಮನೆಗೆಲಸ ಹುಡುಕಿಕೊಂಡು ಬಂದವಳು. ಕನ್ನಡದ ಮಾತು ಕೇಳಿ ವಿಮಲಾಳ ಬಾಗಿಲಲ್ಲಿ ನಿಂತಳು. ಪಾತ್ರೆ ತೊಳೆಯಲು ವಿಮಲಾ ಅವಳನ್ನು ಗೊತ್ತುಮಾಡಿಕೊಂಡಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ವಿಮಲಾ ಹಿಟ್ಟಿನ ಪರಾತದ ಮುಂದೆ ಕುಳಿತು ನಾದುತ್ತ ನಾದುತ್ತ ಸುಮ್ಮನಾಗಿಬಿಟ್ಟಿದ್ದಳು. ಕೈ ಹಿಟ್ಟಿನೊಳಗೇ ಇತ್ತು. ಪಾತ್ರೆ ತೊಳೆಯುವ ಮೋರಿಯ ಹತ್ತಿರ ಕುಳಿತಿದ್ದ ಗುರುಬಾಯಿ ನೋಡಿದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು.

"ಸರೀರಿ ಬಾಯಾರ. ನಾ ನಾದತೀನಿ."

ಅಲ್ಲಿಯವರೆಗೆ ಕೆಲಸದವರು ಯಾರೂ ಆ ಅಡುಗೆಮನೆಯಲ್ಲಿ ಒಲೆಯ ಕಡೆ ಬಂದಿರಲಿಲ್ಲ. ಬೇಡ ಅನ್ನಬೇಕು ಎಂದು ವಿಮಲಾಳಿಗೆ ಅನ್ನಿಸಿತು. ಹೇಳುವಷ್ಟು ಶಕ್ತಿ ಇರಲಿಲ್ಲ. ಸರಿದು ಗೋಡೆಗೆ ಒರಗಿದಳು. ದಿನಾ ಜೋಳದ ರೊಟ್ಟಿ ಬಡಿದ ಕೈ. ಗುರುಬಾಯಿ ಹತ್ತು ನಿಮಿಷದಲ್ಲಿ ಹಿಟ್ಟನ್ನು ಬೆಣ್ಣೆಯಂತೆ ಮಾಡಿಟ್ಟಳು. ಮರುದಿನದಿಂದ ನಾದುವ ಕೆಲಸ ಅವಳದಾಯಿತು, ತಿಂಗಳು ಕಳೆಯುವಷ್ಟರಲ್ಲಿ ತಟ್ಟುವುದು, ಕತ್ತರಿಸುವುದು, ಬೇಯಿಸುವುದರಲ್ಲಿ ಅರ್ಧವೂ.

ಮರುವರ್ಷ ಮೈದಾ ಸಿಗದಾಯಿತು. ರೇಷನ್ ಅಂಗಡಿಯಲ್ಲಿ ಇಲ್ಲ, ಹೊರಗೆ ಕೇಳಿದ ಬೆಲೆ. ಮೋನಪ್ಪನಿಗೆ ಏನು ಹೇಳುವುದೆಂದು ಗಂಡಹೆಂಡತಿ ಯೋಚಿಸುತ್ತಿದ್ದಾಗ ಗುರುಬಾಯಿ ಹೇಳಿದಳು:

"ಊರಿಂದ ನಮ್ಮ ಮೈದುನ ನಿಂಗಣ್ಣ ಬಿಳಿಜ್ವಾಳ ತಂದಾನ. ಅರ್ಧ ಅದನ್ನ ಹಾಕಿ ನೋಡಮು."

"ಜೋಳದಲ್ಲಿ ಬಿಸ್ಕತ್ತಾ? ಒಡೆದುಹೋಗುತ್ತೆ ಕಣೆ."

"ಒಡೀದಂಗ ಮಾಡತೀನ್ರಿ."

ಬಿಸಿ ನೀರಿನಲ್ಲಿ ಜೋಳದ ಹಿಟ್ಟನ್ನು ಮೊದಲು ಕಲಸಿ, ಆರಿಸಿ, ಆಮೇಲೆ ಮೈದಾ ಸೇರಿಸಿದಳು. ಮೇಲೆ ಬಿಳಿ ಎಳ್ಳು ಒತ್ತಿದಳು. ಕಡಿದರೆ ಕಟಕ್ಕೆಂದು ಮುರಿದು ಬಾಯಲ್ಲಿ ಪುಡಿಯಾಗುವ ಬಿಸ್ಕತ್ತು ಬಂತು. ಮೋನಪ್ಪ ಮೊದಲು ಮುಖ ಸಿಂಡರಿಸಿದ. ವಾರದ ಮೇಲೆ, "ಮೈದಾ ಸಿಕ್ಕಿದ್ರೂ ಇದನ್ನೇ ಮಾಡಿ," ಎಂದ.

ಆ ವರ್ಷ ಮಳೆ ಹಿಡಿದ ಮೇಲೆ ವಿಮಲಾಳಿಗೆ ಕಾಮಾಲೆಯಾಯಿತು. ಕಣ್ಣು, ಉಗುರು ಎಲ್ಲ ಅರಿಸಿನ. ಒಂದೂವರೆ ತಿಂಗಳು ಒಲೆಯ ಹತ್ತಿರ ಸುಳಿಯಬೇಡಿ ಎಂದರು ಡಾಕ್ಟರು. ಹೊರಗಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿ ಅವಳು ಗಂಜಿ ಕುಡಿಯುತ್ತ, ಅಡುಗೆಮನೆಯ ಸದ್ದು ಕೇಳುತ್ತಿದ್ದಳು. ಗುರುಬಾಯಿ ನಾಲ್ಕೂವರೆಗೆ ಬಂದು ನೀರು ತುಂಬುತ್ತಿದ್ದಳು, ಸಿಗಡಿ ಹೊತ್ತಿಸುತ್ತಿದ್ದಳು, ಡಬ್ಬ ತುಂಬಿಸುತ್ತಿದ್ದಳು, ಮಧ್ಯೆ ಬಂದು ವಿಮಲಾಳ ತಲೆದಿಂಬು ಸರಿಮಾಡಿ ಹೋಗುತ್ತಿದ್ದಳು. ಒಂದು ದಿನವೂ ಫೋರ್ಟಿಗೆ ಬಿಸ್ಕತ್ತು ತಪ್ಪಲಿಲ್ಲ.

ಒಂದು ಸಂಜೆ ಸತ್ಯಮೂರ್ತಿ ಖುಷಿಯಿಂದ ಮನೆಗೆ ಬಂದ. "ಮೋನಪ್ಪ ಏನಂದ ಗೊತ್ತಾ? ಈಗೀಗ ಬಿಸ್ಕತ್ತು ಮೊದಲಿಗಿಂತ ಹಗುರ ಉಂಟು, ಅಮ್ಮನ ಕೈ ಇನ್ನೂ ಪಳಗಿದೆ ಅಂತ ಹೇಳಿ ಅಂದ."

ವಿಮಲಾ ಹೊದಿಕೆ ಎಳೆದುಕೊಂಡಳು. ಒಳಗೆ ಪಾತ್ರೆ ತೊಳೆಯುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಹೆಂಡತಿಗೆ ಸಂತೋಷವಾಗುತ್ತದೆಂದು ಹೇಳಿದ ಮಾತು ಎಲ್ಲಿ ಹೋಗಿ ತಾಗಿತೆಂದು ಸತ್ಯಮೂರ್ತಿಗೆ ಆಗ ತಿಳಿಯಲಿಲ್ಲ.

ನವರಾತ್ರಿಯ ಹೊತ್ತಿಗೆ ಅವಳು ಎದ್ದು ಓಡಾಡತೊಡಗಿದಳು. ಅಡುಗೆಮನೆಗೆ ಹೋದರೆ ಅದು ತನ್ನದಲ್ಲವೆನ್ನಿಸಿತು. ಉಪ್ಪಿನ ಡಬ್ಬ ಗೋಡೆಗೂಡಿನ ಕೆಳಗಿನ ಅರೆಗೆ ಬಂದಿತ್ತು. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿಡುವ ಹೊಸ ಪದ್ಧತಿ. ತಗಡಿನ ಪೆಟ್ಟಿಗೆಯ ಬಾಗಿಲ ಸಂದಿಗೆ ಗುರುಬಾಯಿ ಮಣ್ಣು ಮೆತ್ತಿ ಬಿಸಿ ಹೊರಗೆ ಹೋಗದಂತೆ ಮಾಡಿದ್ದಳು. ಎಲ್ಲ ಸರಿಯಾಗಿಯೇ ಇತ್ತು. ವಿಮಲಾ ಉಪ್ಪಿನ ಡಬ್ಬವನ್ನು ಮತ್ತೆ ಮೇಲಿಟ್ಟಳು.

ದೀಪಾವಳಿಗೆ ಮೋನಪ್ಪ ಎರಡರಷ್ಟು ಕೇಳಿದ್ದ. ಹಬ್ಬಕ್ಕೆ ಮೂರು ದಿನ ಇರುವಾಗ ವಿಮಲಾ ತಾನೇ ಹಿಟ್ಟು ಕಲಸಲು ಕುಳಿತಳು. ನೀರನ್ನು ಅಂದಾಜಿನ ಮೇಲೆ ಸುರಿದಳು. ಗುರುಬಾಯಿ ಪಕ್ಕದಲ್ಲಿ ಎಳ್ಳು ಆರಿಸುತ್ತಿದ್ದವಳು ಮೆಲ್ಲಗೆ ಹೇಳಿದಳು: "ನೀರು ಭಾಳ ಆಗ್ಲಕತ್ತದ್ರಿ ಬಾಯಾರ."

"ಗೊತ್ತು ನನಗೆ."

"ಹಿಂಗಾದ್ರ ನಡು ಹಸೀನೇ ಉಳೀತದ್ರಿ. ನಾ ಹ್ಯಾಂಗ ಮಾಡತೀನಂದ್ರ..."

"ನನ್ನ ಅಡುಗೆಮನೇಲಿ ನನಗೇ ಹೇಳಿಕೊಡ್ತೀಯಾ?" ವಿಮಲಾಳ ದನಿ ಅವಳಿಗೇ ಬೇರೆಯವರದೆನ್ನಿಸಿತು. "ಪಾತ್ರೆ ತೊಳೆಯೋಕೆ ಬಂದವಳು ನೀನು. ಪಾತ್ರೆ ತೊಳಿ, ಸಾಕು."

ಗುರುಬಾಯಿ ಎದ್ದಳು. ಮೋರಿಯ ಹತ್ತಿರ ಕುಳಿತು ಇದ್ದ ಪಾತ್ರೆಗಳನ್ನೆಲ್ಲ ತೊಳೆದಳು. ತೊಳೆದದ್ದನ್ನು ಮತ್ತೊಮ್ಮೆ ತೊಳೆದಳು. ಸಾಲಾಗಿ ಬೋರಲು ಹಾಕಿ, ಸೆರಗು ಸರಿಮಾಡಿಕೊಂಡು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಆ ದೀಪಾವಳಿಯ ಬಿಸ್ಕತ್ತು ನಡುವೆ ಹಸಿ ಇತ್ತು. ಮೋನಪ್ಪ ಒಳ್ಳೆಯವನು, ಹಬ್ಬದ ದಿನ ಏನೂ ಅನ್ನಲಿಲ್ಲ. ಆಮೇಲೆ ಡಬ್ಬ ಕಾಲು ಭಾಗ ಹಾಗೆಯೇ ಹಿಂದಕ್ಕೆ ಬರತೊಡಗಿತು, ಆಮೇಲೆ ಅರ್ಧ. "ಅಮ್ಮನಿಗೆ ಹುಷಾರಿಲ್ವಾ?" ಎಂದು ಅವನು ಕೇಳುತ್ತಿದ್ದ. ಸತ್ಯಮೂರ್ತಿ ಅರ್ಧ ತುಂಬಿದ ಡಬ್ಬವನ್ನು ಸಂಜೆಯ ಜನಜಂಗುಳಿಯಲ್ಲಿ ಎದೆಗವಚಿಕೊಂಡು ಮನೆಗೆ ತರುತ್ತಿದ್ದ.

"ಗುರುಬಾಯಿನ ಕರಿ ವಿಮಲಾ. ಎದುರಿಗೇ ಇದ್ದಾಳಲ್ಲ."

"ನೀವೂ ಅವಳ ಕೈಯೇ ವಾಸಿ ಅಂತ ಹೇಳಿ."

"ಕೋಪಕ್ಕಲ್ಲ. ನಿನ್ನ ಮುಖ ನೋಡಿ ಹೇಳ್ತಿದೀನಿ."

"ನನ್ನ ಮುಖಕ್ಕೇನಾಗಿದೆ?" ಎಂದು ಅವಳು ಎದ್ದುಹೋದಳು.

ಡಿಸೆಂಬರಿನ ಒಂದು ಬೆಳಗ್ಗೆ ತಟ್ಟೆಗಳನ್ನು ಒಳಗಿಟ್ಟು, ಪೆಟ್ಟಿಗೆಯ ಪಕ್ಕದಲ್ಲಿ ಕಾಲು ಚಾಚಿ ಕುಳಿತಳು. ಹೊರಗೆ ಚಳಿ, ಒಳಗೆ ಹಿತವಾದ ಶಾಖ. ಸುಮಿತ್ರಾ ಭುಜ ಹಿಡಿದು ಅಲುಗಿಸಿದಾಗ ಅಡುಗೆಮನೆ ತುಂಬ ಕಪ್ಪು ಹೊಗೆ. "ಅಮ್ಮಾ, ಉಠ್! ಏಳು ಅಮ್ಮಾ!" ಹುಡುಗಿ ಅಳುತ್ತಿದ್ದಳು. ಸತ್ಯಮೂರ್ತಿ ಬಟ್ಟೆ ಹಿಡಿದು ಪೆಟ್ಟಿಗೆಯನ್ನು ಹೊರಗೆಳೆದ. ಎರಡೂ ತಟ್ಟೆ ಇದ್ದಿಲಾಗಿದ್ದವು. ವಿಮಲಾಳಿಗೂ ಅಳು ಬಂತು. ಬಿಸ್ಕತ್ತು ಸುಟ್ಟಿದ್ದಕ್ಕಲ್ಲ. ಆ ಅರ್ಧ ಗಂಟೆಯ ನಿದ್ದೆ ಎಷ್ಟು ಸುಖವಾಗಿತ್ತೆಂದರೆ, ಎಬ್ಬಿಸಿದ ಮಗಳ ಮೇಲೆ ಅವಳಿಗೆ ಸಿಟ್ಟು ಬಂದಿತ್ತು.

ಅಂದು ಮಧ್ಯಾಹ್ನ ಅವಳು ರಸ್ತೆ ದಾಟಿ ಎದುರಿನ ಬಯಲಿಗೆ ಹೋದಳು.

ಬಿಲ್ಡಿಂಗಿನ ಮೂರನೆಯ ಮಹಡಿ ಮುಗಿದಿತ್ತು. ಚಹಾದ ಹೊತ್ತು, ಗಾರೆಯವರು, ಕಲ್ಲು ಹೊರುವ ಹೆಂಗಸರು ಜಲ್ಲಿಯ ರಾಶಿಯ ಮೇಲೆ ಕುಳಿತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಬಿಸ್ಕತ್ತು. ಎಳ್ಳು ಒತ್ತಿದ ಜೋಳದ ಬಿಸ್ಕತ್ತು. ಗುರುಬಾಯಿಯ ತಗಡಿನ ಗುಡಿಸಲ ಹಿಂದೆ ಸೊಂಟದೆತ್ತರದ ಒಂದು ಇಟ್ಟಿಗೆಯ ಭಟ್ಟಿ ನಿಂತಿತ್ತು. ಒಡೆದ ಇಟ್ಟಿಗೆ, ಉಳಿದ ಗಾರೆಯಿಂದ ಬಂಡೆಪ್ಪ ಕಟ್ಟಿಕೊಟ್ಟದ್ದು. ಗುರುಬಾಯಿ ಉದ್ದನೆಯ ಹಲಗೆಯಿಂದ ಅದರೊಳಗಿನ ತಟ್ಟೆ ಎಳೆಯುತ್ತಿದ್ದಳು. ವಿಮಲಾಳನ್ನು ನೋಡಿದಳು. ಕೈಯ ಕೆಲಸ ನಿಲ್ಲಿಸಲಿಲ್ಲ.

"ಬರ್ರಿ," ಎಂದಳು ಕೊನೆಗೆ. ಒಂದು ಗೋಣಿ ಹಾಸಿದಳು.

ವಿಮಲಾ ಕುಳಿತಳು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು ಗುರುಬಾಯಿ."

"ಅಂದ್ರಿ, ಹೋತು." ಗುರುಬಾಯಿ ತಟ್ಟೆಯನ್ನು ನೆಲಕ್ಕಿಟ್ಟಳು. "ಅಂದಿದ್ದು ಸುಳ್ಳೇನಲ್ಲ. ಭಾಂಡಿ ತೊಳೀಲಾಕೇ ಬಂದಿದ್ದೆ. ಆದ್ರ ಒಂದ್ ಮಾತು ಕೇಳತೀನ್ರಿ. ನೀವು ಮಲಗಿದ್ರಿ. ಆವಾಗ ಸಾಹೇಬ್ರು ಬಂದು, ಹೋಟೆಲಿನಾಂವ ಹಿಂಗಂದ ಅಂತ ಹೇಳಿದ್ರು. ನಾ ಒಳಗ ಇದ್ದೆ. ಒಂದ್ ಸಲ, ಗುರುಬಾಯಿ ಮಾಡ್ಯಾಳ ಅಂತ ನಿಮ್ಮ ಬಾಯಾಗ ಬರಲಿಲ್ಲ. ಸಾಹೇಬ್ರ ಬಾಯಾಗೂ ಬರಲಿಲ್ಲ."

"ಬರಲಿಲ್ಲ," ಎಂದಳು ವಿಮಲಾ.

ಗುರುಬಾಯಿ ಹಿತ್ತಾಳೆಯ ಲೋಟದಲ್ಲಿ ಚಹಾ ಕೊಟ್ಟಳು, ಒಂದು ಬಿಸ್ಕತ್ತು ಕೊಟ್ಟಳು. ಕೊಟ್ಟು, ತಗೊಳ್ಳುತ್ತಾಳೋ ಇಲ್ಲವೋ ಎಂದು ನೋಡಿದಳು. ವಿಮಲಾ ತಿಂದಳು. ಇಟ್ಟಿಗೆಯ ಶಾಖಕ್ಕೆ ಬಿಸ್ಕತ್ತು ಎಲ್ಲ ಕಡೆ ಒಂದೇ ಹದಕ್ಕೆ ಬೆಂದಿತ್ತು. ತಗಡಿನ ಪೆಟ್ಟಿಗೆಯಲ್ಲಿ ಮೂರು ವರ್ಷ ಹೆಣಗಿದರೂ ಅವಳಿಗೆ ಈ ಹದ ಸಿಕ್ಕಿರಲಿಲ್ಲ. ಹೊಟ್ಟೆಕಿಚ್ಚು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಅದಕ್ಕೂ ಒಂದಷ್ಟು ಶಕ್ತಿ ಬೇಕಾಗುತ್ತದೋ ಏನೋ.

"ತಿರುಗಿ ಬಾ ಅಂತ ಕರೆಯೋಕೆ ಬಂದೆ," ಎಂದಳು. "ಈಗ ಕರೆಯಲ್ಲ."

"ಕರದ್ರೂ ಬರಾಂಗಿಲ್ರಿ."

"ನಾನು ಬಿಟ್ಟುಬಿಡ್ತೀನಿ ಗುರುಬಾಯಿ. ನನ್ನಿಂದ ಆಗ್ತಾ ಇಲ್ಲ. ಮೋನಪ್ಪನ ಹೋಟೆಲಿಗೆ ನೀನೇ ಕೊಡು."

ಗುರುಬಾಯಿ ನಕ್ಕಳು. ಅದರಲ್ಲಿ ಸಂತೋಷವಿರಲಿಲ್ಲ. "ನನ್ನ ಕೈಲೆ ತಗೋತಾರೇನ್ರಿ? ಅಲ್ಲಿ ಬ್ರಾಹ್ಮಣರ ಅಮ್ಮಾರು ಮಾಡತಾರ ಅಂತ ತಿಂತಾರ. ಸಾಹೇಬ್ರು ಹೇಳಿದ್ದು ನಾ ಕೇಳೀನಿ."

"ಗೊತ್ತಿಲ್ಲ. ಹೋಗಿ ಕೇಳೋಣ. ನೀನೂ ಬಾ."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಬಹಳ ಹೊತ್ತು ತನ್ನ ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತ ಕುಳಿತಿದ್ದ. "ಒಳ್ಳೇದೇ ಆಯ್ತು," ಎಂದ. ಹಿಂದೆಯೇ, "ಡಬ್ಬ ಮಾತ್ರ ನಾನೇ ತಗೊಂಡು ಹೋಗ್ತೀನಿ ಅಂತ ಅವಳಿಗೆ ಹೇಳು. ನಾನು ಹೇಗೂ ಆ ಕಡೆ ಹೋಗೋವ್ನೇ ಅಲ್ವಾ," ಎಂದ. ಅವನ ಮುಖ ನೋಡಿ ವಿಮಲಾಳಿಗೆ, ಬಿಸ್ಕತ್ತು ನಿಂತರೆ ಅವನಿಗೆ ತನಗಿಂತ ಹೆಚ್ಚು ನಷ್ಟವಾಗುತ್ತಿತ್ತೆಂದು ಅರ್ಥವಾಯಿತು.

ಜನವರಿಯ ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಹೆಂಗಸರು ಚರ್ಚ್‌ಗೇಟಿಗೆ ಬಂದಿಳಿದು ಫೋರ್ಟಿಗೆ ನಡೆದರು. ಮೂರು ವರ್ಷದಿಂದ ಬಿಸ್ಕತ್ತು ಕಳಿಸುತ್ತಿದ್ದರೂ ಅದನ್ನು ಜನ ತಿನ್ನುವ ಜಾಗವನ್ನು ವಿಮಲಾ ನೋಡಿರಲಿಲ್ಲ. ಹತ್ತು ಮೇಜಿನ ಹೋಟೆಲು. ಶನಿವಾರದ ಅರ್ಧ ದಿನ ಮುಗಿಸಿದ ಗುಮಾಸ್ತರು ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ಕಪ್ಪಿನ ಪಕ್ಕದಲ್ಲಿ ತಟ್ಟೆಗೆ ಎರಡರಂತೆ ಬಿಸ್ಕತ್ತು. ಒಬ್ಬ ಮುದುಕ ತನ್ನದನ್ನು ಚಹಾದಲ್ಲಿ ಅದ್ದಿ, ಪೇಪರಿನಿಂದ ಕಣ್ಣು ತೆಗೆಯದೆ ತಿನ್ನುತ್ತಿದ್ದ. ಅದು ಅಂದು ಬೆಳಗ್ಗೆ ಗುರುಬಾಯಿಯ ಭಟ್ಟಿಯಲ್ಲಿ ಬೆಂದದ್ದು. ಸತ್ಯಮೂರ್ತಿ ಯಾರು ಮಾಡಿದ್ದೆಂದು ಮೋನಪ್ಪನಿಗೆ ಹೇಳದೆ ತಂದು ಕೊಟ್ಟಿದ್ದ.

ಮೋನಪ್ಪ ಅವರನ್ನು ಪರದೆಯ ಹಿಂದಿನ ಫ್ಯಾಮಿಲಿ ರೂಮಿನಲ್ಲಿ ಕೂರಿಸಿದ. ಆಫೀಸು ಮುಗಿಸಿ ಬಂದ ಸತ್ಯಮೂರ್ತಿ ಗೋಡೆಗೆ ಒರಗಿ ನಿಂತ.

"ಅಮ್ಮಾ, ನೀವು ಬಂದದ್ದು ದೊಡ್ಡ ಮಾತು. ಇವತ್ತಿನ ಬಿಸ್ಕತ್ತು ಮೊದಲಿನ ಹಾಗೆ ಉಂಟು. ಗುಣ ಆಯ್ತಲ್ಲ?"

"ಇವತ್ತಿನದ್ದು ನಾನು ಮಾಡಿದ್ದಲ್ಲ," ಎಂದಳು ವಿಮಲಾ. "ಇವಳು ಮಾಡಿದ್ದು. ಗುರುಬಾಯಿ. ನನಗೆ ಕಾಮಾಲೆಯಾದಾಗ ನೀವು ಹಗುರ ಅಂದ್ರಲ್ಲ, ಅದೂ ಇವಳದ್ದೇ. ಜೋಳ ಹಾಕೋದೂ ಇವಳದೇ ಯೋಚನೆ. ದೀಪಾವಳಿಯದ್ದು ಮಾತ್ರ ನಂದು."

ಮೋನಪ್ಪ ಗುರುಬಾಯಿಯ ಕಡೆ ನೋಡಿದ. ಹಸಿರು ಇಳಕಲ್ ಸೀರೆ, ಹಣೆಯಲ್ಲಿ ದೊಡ್ಡ ಕುಂಕುಮ, ಸುಟ್ಟ ಕಲೆಗಳಿದ್ದ ಕೈ. "ಇವರು ಎಲ್ಲಿ ಇರುವುದು?"

"ಬಿಲ್ಡಿಂಗ್ ಕಟ್ತಾರಲ್ರಿ, ಅಲ್ಲೇ. ಗುಡಿಸಲದಾಗ," ಎಂದಳು ಗುರುಬಾಯಿ, ನೇರವಾಗಿ.

ಮೋನಪ್ಪ ಪರದೆ ಸರಿಸಿ ಹೊರಗೆ ನೋಡಿದ, ಮತ್ತೆ ಒಳಗೆ ನೋಡಿದ. "ಗಿರಾಕಿಗಳಿಗೆ ನಾನು ಏನೋ ಹೇಳಿಟ್ಟಿದ್ದೇನೆ ಅಮ್ಮ. ಈಗ ಎಂತ ಹೇಳುವುದು?"

"ವರ್ಷದಿಂದ ತಿಂದಿದ್ದಾರೆ. ಏನಾಯ್ತು ಅವರಿಗೆ?"

ಹೊರಗೆ ಯಾರೋ ಗಲ್ಲಾದ ಹತ್ತಿರ ನಿಂತು ಮನೆಗೆ ಒಯ್ಯಲು ಕಾಲು ಕಿಲೋ ಬಿಸ್ಕತ್ತು ಕೇಳುತ್ತಿದ್ದರು. ಮೋನಪ್ಪ ಹೋಗಿ ಕಟ್ಟಿಕೊಟ್ಟು ಬಂದ. ಬಂದವನು ಗುರುಬಾಯಿಗೆ ಹೇಳಿದ: "ಬಿಸ್ಕತ್ತು ದಿನಾ ಬರಬೇಕು. ಹೀಗೇ ಬರಬೇಕು. ಹಬ್ಬ ಅಂತ ಊರಿಗೆ ಹೋಗಿ ಕೂತರೆ ಆಗುವುದಿಲ್ಲ."

"ಊರಿಗೆ ಹೋಗೋದಿದ್ರ ಎಂಟ್ ದಿನ ಮೊದ್ಲೇ ಹೇಳತೀನಿ," ಎಂದಳು ಅವಳು. "ಹೋಗೋದಂತೂ ಹೋಗತೀನಿ."

ಮೋನಪ್ಪ ಮಸಾಲೆದೋಸೆ ತರಿಸಿದ. ಗುರುಬಾಯಿ ಪೂರ್ತಿ ತಿಂದಳು. ವಿಮಲಾಳಿಗೆ ಅರ್ಧಕ್ಕೇ ಸಾಕಾಯಿತು.

ತಿರುಗಿ ಬರುವಾಗ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗುರುಬಾಯಿ ಒಂದೇ ಸಮನೆ ಮಾತಾಡುತ್ತಿದ್ದಳು: ಭಟ್ಟಿಯ ಬಾಗಿಲಿಗೆ ಕಬ್ಬಿಣದ ತಗಡು ಬೇಕು, ಊರಿಂದ ಜೋಳ ತರಿಸಬೇಕು, ಬಂಡೆಪ್ಪನಿಗೆ ಹೇಳಿ ಮೇಲೊಂದು ಮಾಡು ಹಾಕಿಸಬೇಕು. ವಿಮಲಾ ಹೂಂ, ಹೂಂ ಎನ್ನುತ್ತಿದ್ದಳು. ಬಾಂದ್ರಾ ದಾಟಿದ್ದು ಗೊತ್ತಿತ್ತು. ಆಮೇಲೆ ಗೊತ್ತಾದದ್ದು ಗುರುಬಾಯಿ ಕೆನ್ನೆ ತಟ್ಟಿ, "ಏಳ್ರಿ, ದಹಿಸರ್ ಬಂತು," ಎಂದಾಗ. ಅವಳ ಭುಜದ ಮೇಲೆ ತಲೆಯಿಟ್ಟು ಮುಕ್ಕಾಲು ಗಂಟೆ ಮಲಗಿದ್ದಳು. ಗುರುಬಾಯಿ ಅಷ್ಟು ಹೊತ್ತೂ ಭುಜ ಅಲುಗಿಸಿರಲಿಲ್ಲ. ಇಳಿದ ಮೇಲೆ ಅದನ್ನು ತಿರುಗಿಸಿ ತಿರುಗಿಸಿ ಜೋಮು ಬಿಡಿಸಿಕೊಂಡಳು.

ವಿಮಲಾ ಆಮೇಲೆ ಸೀರೆಗಳಿಗೆ ಫಾಲ್ ಹೊಲಿಯುವ ಕೆಲಸ ಹಿಡಿದಳು. ಕುಳಿತು ಮಾಡುವ ಕೆಲಸ, ಬೆಂಕಿಯಿಲ್ಲ. ಬಿಸ್ಕತ್ತಿನಷ್ಟು ಸಿಗುತ್ತಿರಲಿಲ್ಲ. ಸುಮಿತ್ರಾ ಮೆಟ್ರಿಕ್ ಮುಗಿಸುವವರೆಗೆ ಹೇಗೋ ಎಳೆದರು. ಡಬ್ಬ ಒಯ್ಯುವುದಕ್ಕೆ ಗುರುಬಾಯಿ ಸತ್ಯಮೂರ್ತಿಗೆ ತಿಂಗಳಿಗಿಷ್ಟು ಎಂದು ಕೊಡತೊಡಗಿದಳು. ಅವನು ಬೇಡವೆಂದ, ಅವಳು ಕೇಳಲಿಲ್ಲ. ಗಿರಾಕಿಗಳು ವಿಚಾರಿಸಿದರೆ ಮೋನಪ್ಪ ಈಗ, "ದಹಿಸರ್‌ನಿಂದ ಬರ್ತದೆ," ಎಂದಷ್ಟೇ ಹೇಳುತ್ತಾನೆಂದು ಸತ್ಯಮೂರ್ತಿ ಬಂದು ಹೇಳಿದ. ವಿಮಲಾಳಿಗೆ ರೇಗಿತು. ಗುರುಬಾಯಿ ಮಾತ್ರ, "ಹೇಳ್ಕೊಳ್ಳಿ ಬಿಡ್ರಿ. ಡಬ್ಬಿ ಖಾಲಿಯಾಗಿ ಬರ್ತದಲ್ಲ," ಎಂದಳು.

ಕೆಲವು ಮಧ್ಯಾಹ್ನ ವಿಮಲಾ ಹೊಲಿಗೆಯ ಚೀಲ ಹಿಡಿದು ಭಟ್ಟಿಯ ಹತ್ತಿರ ಹೋಗಿ ಗೋಣಿಯ ಮೇಲೆ ಕೂರುತ್ತಿದ್ದಳು. ಗುರುಬಾಯಿಯ ಕಣ್ಣ ಸುತ್ತ ಈಗ ಕಪ್ಪು ಬಿದ್ದಿತ್ತು. ಅವಳೂ ನಾಲ್ಕಕ್ಕೆ ಏಳುತ್ತಿದ್ದಳು. ಒಂದು ದಿನ ಬಿಸಿ ತಟ್ಟೆಯಿಂದ ಒಂದನ್ನು ತೆಗೆದುಕೊಟ್ಟು, ಹೇಗಿದೆ ಎನ್ನುವಂತೆ ಹುಬ್ಬು ಹಾರಿಸಿದಳು.

"ಉಪ್ಪು ಕಮ್ಮಿ," ಎಂದಳು ವಿಮಲಾ.

ಗುರುಬಾಯಿ ತಾನೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. "ಬರೋಬರಿ ಅದ."

"ಇರಬಹುದು," ಎಂದು ವಿಮಲಾ ಉಳಿದದ್ದನ್ನು ತಿಂದಳು. ಇಬ್ಬರಿಗೂ ವಾದ ಬೇಕಾಗಿರಲಿಲ್ಲ. ಗುರುಬಾಯಿ ಕಾಲು ಚಾಚಿ ಅವಳ ಪಕ್ಕದಲ್ಲಿ ಕುಳಿತಳು. ಮೇಲಿನ ಮಹಡಿಯಿಂದ ಯಾರೋ ಗಾರೆ ಕೇಳಿ ಕೂಗುತ್ತಿದ್ದರು.